ಗ್ಯಾರೇಜಿನಲ್ಲೊಂದು ಮದ್ದಿನ ಮನೆ

ನಾನು ಎಂಥ ವೀರ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಚ್ಚಲಿನಲ್ಲಿ ಜಿರಲೆ ಕಂಡರೆ ಕಿರುಚುವವನು ನಾನು, ಪೊರಕೆ ಹಿಡಿದು ಬರುವವಳು ನನ್ನ ಹೆಂಡತಿ. ಇಂಥವನೊಬ್ಬ ಡಲ್ಲಾಸಿನ ಹೊರವಲಯದಲ್ಲಿ ಪಿಸ್ತೂಲಿನ ಒಡೆಯನಾದದ್ದಕ್ಕೆ ಗ್ರೀನ್ ಕಾರ್ಡೇ ಹೊಣೆ. ಎಚ್-1ಬಿ ವೀಸಾದ ಮೇಲೆ ಬಂದವರು, ಬೇಟೆ ಪರವಾನಗಿಯಂಥ ಒಂದೆರಡು ವಿನಾಯಿತಿ ಬಿಟ್ಟರೆ, ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಒಂದೇ ಒಂದು ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ಕಾರ್ಡು ಕೈಗೆ ಬಂದವರಿಗೆ ಆ ಅಡ್ಡಿಯಿಲ್ಲ. ವರ್ಷಗಟ್ಟಲೆ ಕಾದು ಪಡೆದ ಹಕ್ಕನ್ನು ಸುಮ್ಮನೆ ಬಿಡುವುದುಂಟೆ? ಆಫೀಸಿನ ಗೆಳೆಯನೊಬ್ಬ ಶೂಟಿಂಗ್ ರೇಂಜಿಗೆ ಕರೆದ, ಹೋದೆ. ಕಾಗದದ ಮೇಲೆ ಬರೆದ ವೃತ್ತಕ್ಕೆ ಹೊಡೆಯುವ ಆಟ. ನನ್ನ ಗುಂಡುಗಳು ವೃತ್ತವೊಂದನ್ನು ಬಿಟ್ಟು ಕಾಗದದ ಉಳಿದೆಲ್ಲ ಭಾಗಗಳಿಗೂ ನ್ಯಾಯ ಒದಗಿಸಿದವು. ಆದರೂ ರುಚಿ ಹತ್ತಿತು. ಒಂಬತ್ತು ಎಂಎಂ ಪಿಸ್ತೂಲೊಂದು ಮನೆಗೆ ಬಂತು. ಹೆಂಡತಿ ಅದಕ್ಕೊಂದು ಸೇಫ್ ತರಿಸಿ, ನಂಬರು ಹಾಕಿ ಬೀಗ ಜಡಿದಳು. ಆ ನಂಬರು ನನಗೆ ಮರೆತುಹೋಗುತ್ತದೆ, ಅವಳಿಗೆ ನೆನಪಿರುತ್ತದೆ. ಹೀಗಾಗಿ ನಮ್ಮ ಮನೆಯ ಸೇನಾಪತಿ ಯಾರು ಎಂಬ ಪ್ರಶ್ನೆ ಅಂದೇ ಇತ್ಯರ್ಥವಾಯಿತು.

ಆ ಕಾಲ ಸುಭಿಕ್ಷದ ಕಾಲ. ಐವತ್ತು ತೋಟೆಗಳ ಡಬ್ಬಿ ಹತ್ತು ಡಾಲರಿನ ಆಸುಪಾಸು. ಇಷ್ಟು ಸೋವಿ ಏಕೆ ಎಂದು ವಿಚಾರಿಸಿದರೆ ಅದರ ಹಿಂದೆಯೂ ಒಂದು ಕಥೆ. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳ ಹತ್ಯೆ ನಡೆದ ಮೇಲೆ ಬಂದೂಕಿಗೆ ಕಡಿವಾಣ ಬೀಳುತ್ತದೆಂದು ಜನ ಅಂಗಡಿಗೆ ನುಗ್ಗಿದ್ದರು. ಹುಡುಗರು ಡಬ್ಬಕ್ಕೆ ಹೊಡೆದು ಕಲಿಯುವ ಪಾಯಿಂಟ್ ಟೂ ಟೂ ತೋಟೆ ಕೂಡ ವರ್ಷಗಟ್ಟಲೆ ಸರಿಯಾಗಿ ಸಿಗಲಿಲ್ಲ. 2016ರ ಚುನಾವಣೆಗೆ ಮುಂಚೆ ಹಿಲರಿ ಕ್ಲಿಂಟನ್ ಗೆಲ್ಲುತ್ತಾರೆಂದು ಮತ್ತೆ ಕೊಂಡರು. ಗೆದ್ದದ್ದು ಟ್ರಂಪ್. ಭಯ ಹೋಯಿತು, ಭಯದ ಜೊತೆಗೆ ವ್ಯಾಪಾರವೂ ಹೋಯಿತು. ಬಂದೂಕು, ತೋಟೆ ತಯಾರಿಸುವ ಇನ್ನೂರು ವರ್ಷ ಹಳೆಯ ರೆಮಿಂಗ್ಟನ್ ಕಂಪನಿ 2018ರಲ್ಲಿ ದಿವಾಳಿ ಅರ್ಜಿ ಹಾಕಿತು. ತಮ್ಮ ಹಕ್ಕಿಗೆ ಅಪಾಯವಿಲ್ಲ ಎಂದು ಗಿರಾಕಿಗಳು ನೆಮ್ಮದಿಯಾಗಿ ಮಲಗಿದರೆ ಮುಳುಗಿಹೋಗುವ ವ್ಯಾಪಾರ ಇದು.

ಕೊರೊನಾ ಬಂದು ಆ ನೆಮ್ಮದಿ 2020ರ ಮಾರ್ಚಿನಲ್ಲಿ ಮುಗಿಯಿತು. ಜನವರಿಯಲ್ಲಿ ತೀರ್ಥಹಳ್ಳಿ ಕಡೆಯಿಂದ ನಮ್ಮನ್ನು ನೋಡಲು ಬಂದಿದ್ದ ಅಮ್ಮ, ಭಾರತ ಅಂತಾರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿದ್ದರಿಂದ ಇಲ್ಲೇ ಉಳಿದರು. ಅತ್ತೆ ಸೊಸೆ ಇಬ್ಬರೂ ಕೂತು ಚೀಟಿ ಬರೆದರು: ಸೋನಾ ಮಸೂರಿ, ತೊಗರಿಬೇಳೆ, ಸಾಸಿವೆ, ಹುಣಸೆಹಣ್ಣು. ಚೀಟಿ ಹಿಡಿದು ಹೊರಟವನು ಇಂಡಿಯನ್ ಸ್ಟೋರಿನ ಸಾಲು ನೋಡಿ ಗಾಬರಿಯಾದೆ. ದಾರಿಯಲ್ಲಿ ಬಂದೂಕಿನ ಅಂಗಡಿ. ಅಲ್ಲಿ ಅದಕ್ಕಿಂತ ಉದ್ದ ಸಾಲು. ಇಷ್ಟು ಜನ ನಿಂತಿದ್ದಾರೆಂದರೆ ಇವರಿಗೆ ಏನೋ ಗೊತ್ತಿರಬೇಕು, ನನಗೆ ಗೊತ್ತಿಲ್ಲ ಎಂದುಕೊಂಡು ನಾನೂ ನಿಂತೆ. ನನ್ನ ಹಿಂದೆ ಬಂದು ನಿಂತವನು, ನನಗೆ ಏನೋ ಗೊತ್ತಿರಬೇಕು ಎಂದುಕೊಂಡ.

"ಬೇಳೆ ಎಲ್ರೀ?" ಎಂದಳು ಹೆಂಡತಿ.

"ಬೇಳೆ ನಾಳೆಯೂ ಸಿಗುತ್ತೆ," ಎಂದು ಎರಡು ಡಬ್ಬಿ ಮೇಜಿನ ಮೇಲಿಟ್ಟೆ. "ಒಬ್ಬರಿಗೆ ಎರಡೇ ಅಂತೆ. ಪುಣ್ಯಕ್ಕೆ ಸಿಕ್ತು. ನಾಳೆ ಕಳ್ಳಕಾಕರು ಬಂದರೆ?"

"ಕಳ್ಳ ಬಂದರೆ ನೀವು ಮೊದಲು ನನ್ನನ್ನು ಎಬ್ಬಿಸ್ತೀರಿ. ನಾನು ಎದ್ದು ಸೇಫಿನ ನಂಬರು ಹೇಳ್ಬೇಕು. ಅಷ್ಟು ಹೊತ್ತು ಕಾಯೋ ಕಳ್ಳನಿಗೆ ಕಾಫಿಯನ್ನಾದರೂ ಕೊಡೋಣ."

ಅಮ್ಮ ಡಬ್ಬಿ ತೆರೆದು ಒಂದು ತೋಟೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಮಲೆನಾಡಿನ ತೋಟದ ಮನೆಯವರಿಗೆ ಕೋವಿ ಹೊಸದಲ್ಲ. "ನಿನ್ನಜ್ಜನ ಹತ್ರ ಜೋಡುನಳಿಗೆ ಕೋವಿ ಇತ್ತು ಮಾರಾಯ. ಒಂದು ಡಜನ್ ತೋಟೆ ತಂದ್ರೆ ಎರಡು ಮಳೆಗಾಲ ಬರ್ತಿತ್ತು. ಮಂಗ ಓಡಿಸೋಕೆ ಒಂದು ಈಡು ಹೊಡೆದ್ರೆ ಒಂದು ವಾರ ಊಟಕ್ಕೆ ಕೂತಾಗೆಲ್ಲ ಅದ್ರದ್ದೇ ಮಾತು. ಲೈಸೆನ್ಸಿನ ಪುಸ್ತಕದಲ್ಲಿ ಎಷ್ಟು ಅಂತ ಬರೆದಿರ್ತದೋ ಅಷ್ಟೇ. ನೀನು ಇಷ್ಟನ್ನು ಎಂತಕ್ಕೆ ಹೊಡೀತಿ? ಇಲ್ಲಿ ಮಂಗವೂ ಇಲ್ಲ."

ಕಾಗದಕ್ಕೆ ಹೊಡೆಯುತ್ತೇನೆ ಎಂದು ಹೇಳಲು ನಾಲಿಗೆ ಬರಲಿಲ್ಲ. "ರಕ್ಷಣೆಗೆ" ಎಂದೆ.

"ಹಂಗಾದ್ರೆ ಹೊಡೆಯೋದೇ ಇಲ್ಲ ಅನ್ನು. ಹೊಡೆಯದೇ ಇರೋಕೆ ಇಷ್ಟು ಸಾಕು."

ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ಪಿಯುಸಿಯಲ್ಲಿ ಓದಿದ ನೆನಪು. ಆ ಪುಸ್ತಕ ಬರೆದವರು ನನ್ನನ್ನು ಕಂಡಿರಲಿಲ್ಲ. ಡಬ್ಬಿಗೆ ಹತ್ತು ಡಾಲರ್ ಇದ್ದಾಗ ಎರಡು ಸಾಕು ಎನ್ನುತ್ತಿದ್ದವನು, ಇಪ್ಪತ್ತಾದಾಗ ನಾಲ್ಕು ತಂದೆ, ನಾಳೆ ಮೂವತ್ತಾಗುತ್ತದೆಂದು. ಮೂವತ್ತಾಯಿತು. ನನ್ನ ದೂರದೃಷ್ಟಿಗೆ ನಾನೇ ಬೆನ್ನು ತಟ್ಟಿಕೊಂಡು ಎಂಟು ಡಬ್ಬಿಗೆ ಹುಡುಕಾಡಿದೆ. 2021 ಹುಟ್ಟುವ ಹೊತ್ತಿಗೆ ನಲವತ್ತರ ಸುತ್ತ ಬಂದು ನಿಂತಿತು. ಆಗಂತೂ, ಹತ್ತರ ಕಾಲದಲ್ಲಿ ತಂದ ಡಬ್ಬಿಗಳ ಮುಂದೆ ನಿಂತು, ಇಷ್ಟು ಲಾಭ ನನ್ನ ಯಾವ ಷೇರಿನಲ್ಲೂ ಬಂದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಮಾರಿದ್ದರೆ ತಾನೇ ಲಾಭ? ಮಾರುವ ಮಾತೆತ್ತಿದರೆ ಎದೆ ಧಸಕ್ಕೆನ್ನುತ್ತಿತ್ತು.

ವೃತ್ತಿಯಿಂದ ನಾನು ಸಾಫ್ಟ್‌ವೇರಿನವನು. ಸಾಲಿನಲ್ಲಿ ನಿಲ್ಲುವುದು ನನ್ನ ಘನತೆಗೆ ಕಡಿಮೆ ಎನಿಸಿ, ಆನ್‌ಲೈನ್ ಅಂಗಡಿಗಳಲ್ಲಿ ಸರಕು ಬಂದ ಕೂಡಲೇ ಫೋನು ಕೂಗುವಂತೆ ಒಂದು ಪ್ರೋಗ್ರಾಮ್ ಬರೆದೆ. ಅದು ಸರಿರಾತ್ರಿಯಲ್ಲೇ ಕೂಗುತ್ತಿತ್ತು. ಆಫೀಸಿನ ಸರ್ವರ್ ಬಿದ್ದಿದೆ ಎಂದುಕೊಂಡು ಹೆಂಡತಿ ಪಾಪ ಎದ್ದು ಕನ್ನಡಕ ತಂದುಕೊಡುತ್ತಿದ್ದಳು. ಕಾರ್ಡಿನ ಹದಿನಾರು ಅಂಕಿ ಒತ್ತಿ ಮುಗಿಸುವಷ್ಟರಲ್ಲಿ 'ಸರಕು ಖಾಲಿ' ಎಂದು ಬರುತ್ತಿತ್ತು. ನನ್ನಂಥ ಪ್ರೋಗ್ರಾಮನ್ನು ನನಗಿಂತ ಚೆನ್ನಾಗಿ ಬರೆದವರು ದೇಶದ ತುಂಬ ಎಚ್ಚರವಾಗಿದ್ದರು. ಆಫೀಸಿನ ಸರ್ವರ್ ನಿಜವಾಗಿ ಬಿದ್ದ ರಾತ್ರಿ ನಾನು ಗಾಢ ನಿದ್ರೆಯಲ್ಲಿದ್ದೆ.

ಮನೆಯಲ್ಲಿ ತಲೆ ಲೆಕ್ಕ ಶುರುವಾಯಿತು. ಒಬ್ಬರಿಗೆ ಎರಡು ಡಬ್ಬಿ ಎಂದರೆ ಮೂವರಿಗೆ ಆರು. ಹೆಂಡತಿ ಸಾಲಿಗೆ ಬರಲು ಒಪ್ಪಲಿಲ್ಲ. ಅಮ್ಮ ತಟ್ಟನೆ ಒಪ್ಪಿದರು. ಸಕ್ಕರೆಗೂ ಸೀಮೆಎಣ್ಣೆಗೂ ಸೊಸೈಟಿ ಮುಂದೆ ಕ್ಯೂ ನಿಂತು ಪಳಗಿದ ಜೀವ. "ಎಷ್ಟು ಹೊತ್ತಿಗೆ ಲಾರಿ ಬರ್ತದೆ ಹೇಳು, ಅದಕ್ಕೆ ಮುಂಚೆ ಹೋಗಿ ಕಲ್ಲಿಟ್ಟು ಬರ್ತೀನಿ." ಪ್ರವಾಸಿ ವೀಸಾದ ಮೇಲೆ ಬಂದವರು ತೋಟೆ ಕೊಳ್ಳುವಂತಿಲ್ಲ ಎಂದು ವಿವರಿಸಿದೆ. ಅಮ್ಮನಿಗೆ ಅವಮಾನವಾಯಿತು. "ನನ್ನ ವೋಟರ್ ಕಾರ್ಡು ಬ್ಯಾಗಲ್ಲೇ ಉಂಟು" ಎಂದರು.

ವೋಟಿನ ಮಾತು ಬಂದದ್ದೇ ಅವರಿಗೆ ಇನ್ನೊಂದು ನೆನಪಾಯಿತು. "ಈ ವರ್ಷ ಇಲ್ಲಿ ಎಲೆಕ್ಷನ್ ಅಲ್ವನಾ? ಕೋವಿ ಸ್ಟೇಷನ್ನಿಗೆ ಕೊಟ್ಟು ಬರೋದು ಯಾವಾಗ?" ನಮ್ಮೂರಿನಲ್ಲಿ ಚುನಾವಣೆ ಘೋಷಣೆಯಾದರೆ ಬೆಳೆ ರಕ್ಷಣೆಯ ಕೋವಿಯನ್ನು ಹೆಗಲಿಗೇರಿಸಿ ಪೊಲೀಸ್ ಠಾಣೆಗೆ ಒಪ್ಪಿಸಿ, ರಸೀದಿ ತರುವುದು ಮತ ಹಾಕುವಷ್ಟೇ ಖಾಯಂ ವಿಧಿ. ಇಲ್ಲಿ ಚುನಾವಣೆ ಬಂತೆಂದರೆ ಜನ ಹೊಸದನ್ನು ಕೊಳ್ಳಲು ಓಡುತ್ತಾರೆ ಎಂದೆ. ಅಮ್ಮ ಬಹಳ ಹೊತ್ತು ನನ್ನ ಮುಖ ನೋಡಿ, "ದೊಡ್ಡ ದೇಶ" ಎಂದು ಒಳಗೆ ಹೋದರು.

ಓಡಿದ್ದು ಸುಳ್ಳಲ್ಲ. ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆಗೆ ಎಫ್‌ಬಿಐ ನಡೆಸುವ ವ್ಯವಸ್ಥೆಯಲ್ಲಿ 2019ರಲ್ಲಿ ಸುಮಾರು 2.84 ಕೋಟಿ ತಪಾಸಣೆಗಳಾಗಿದ್ದರೆ 2020ರಲ್ಲಿ ಸುಮಾರು 3.97 ಕೋಟಿ. ಸಾಂಕ್ರಾಮಿಕ, ಬೀದಿಗಿಳಿದ ಪ್ರತಿಭಟನೆ, ಚುನಾವಣೆ, ಮೂರೂ ಒಂದೇ ವರ್ಷದಲ್ಲಿ ಬಂದವು. ಆ ವರ್ಷ ಮೊದಲ ಸಲ ಬಂದೂಕು ಕೊಂಡವರೇ ಸುಮಾರು 84 ಲಕ್ಷ ಎಂದು ಬಂದೂಕು ಉದ್ಯಮದ ಸಂಘ ಅಂದಾಜು ಮಾಡಿತು. ಅವರು ತಲೆಗೆ ಎರಡೇ ಡಬ್ಬಿ ತಂದರೂ 84 ಕೋಟಿ ತೋಟೆ. ಅವರ ಮೇಲೆ ನನ್ನಂಥ ಹಳಬರು ಬೇರೆ.

ಅಭಾವಕ್ಕೆ ಕೊಳ್ಳುವವರೇ ಕಾರಣ ಎಂದರೆ ಸಾಲಿನಲ್ಲಿ ನಿಂತವರು ನಂಬುತ್ತಿರಲಿಲ್ಲ. ಕಂಪನಿಗಳು ಗೋದಾಮಿನಲ್ಲಿ ಬಚ್ಚಿಟ್ಟಿವೆ ಎಂಬುದು ಒಂದು ಪಂಗಡದ ವಾದ. ತೋಟೆ ತಯಾರಿಸುವ ಫೆಡರಲ್ ಎಂಬ ಕಂಪನಿಯ ಮುಖ್ಯಸ್ಥರೇ ವಿಡಿಯೋ ಮಾಡಿ, ಬಚ್ಚಿಟ್ಟಿಲ್ಲ, ಹಗಲೂ ರಾತ್ರಿ ತಯಾರಿಸುತ್ತಿದ್ದೇವೆ ಎಂದು ಹೇಳಬೇಕಾಯಿತು. ಎಲ್ಲವನ್ನೂ ಸರ್ಕಾರವೇ ಕೊಳ್ಳುತ್ತಿದೆ ಎಂಬುದು ಇನ್ನೊಂದು ಪಂಗಡ. ಈ ಮಾತು 2013ರ ಅಭಾವದಲ್ಲೂ ಹಬ್ಬಿತ್ತು. 2014ರಲ್ಲಿ ಸರ್ಕಾರಿ ಲೆಕ್ಕಪರಿಶೋಧಕರು ಪರಿಶೀಲಿಸಿ, ಒಳನಾಡು ಭದ್ರತಾ ಇಲಾಖೆಯ ಖರೀದಿ ಏರುವುದಿರಲಿ, 2009ರಿಂದ ಇಳಿದಿದೆ ಎಂದು ವರದಿ ಕೊಟ್ಟಿದ್ದರು. ನಾನು ಎರಡೂ ಪಂಗಡದಲ್ಲಿದ್ದೆ. ಸಂಚುಕೋರರನ್ನು ಬಾಯ್ತುಂಬ ಬೈದು, ಎರಡು ಡಬ್ಬಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದು, ಗ್ಯಾರೇಜಿನಲ್ಲಿ ಅಕ್ಕಿ ಮೂಟೆಯ ಹಿಂದೆ ಬಚ್ಚಿಡುತ್ತಿದ್ದೆ.

2020ರ ಜುಲೈನಲ್ಲಿ ರೆಮಿಂಗ್ಟನ್ ಎರಡನೇ ಸಲ ದಿವಾಳಿ ಅರ್ಜಿ ಹಾಕಿತು. ಜನ ತೋಟೆಗಾಗಿ ಬೆಳಗಿನ ಜಾವ ಸಾಲು ನಿಂತ ವರ್ಷದಲ್ಲಿ ತೋಟೆ ಮಾಡುವ ಕಂಪನಿ ದಿವಾಳಿ! ಹಳೆಯ ಸಾಲ ಅಷ್ಟಿತ್ತು. ಅರ್ಕಾನ್ಸಾ ರಾಜ್ಯದ ಲೋನೋಕ್‌ನಲ್ಲಿದ್ದ ಅದರ ತೋಟೆ ಕಾರ್ಖಾನೆಯನ್ನು ವಿಸ್ಟಾ ಔಟ್‌ಡೋರ್ ಎಂಬ ಕಂಪನಿ ಸುಮಾರು 8.14 ಕೋಟಿ ಡಾಲರಿಗೆ ಕೊಂಡಿತು. ಈ ಸುದ್ದಿ ಓದಿ ಹೆಂಡತಿ ಹೇಳಿದ್ದು: "ತಯಾರಿಸೋರೂ ದಿವಾಳಿ, ಕೊಳ್ಳೋರೂ ದಿವಾಳಿ. ಮಧ್ಯದಲ್ಲಿ ಯಾರು ತಿಂದ್ರು?"

ಆಗ ನನಗೆ ಸ್ವಾವಲಂಬನೆಯ ಹುರುಪು ಬಂತು. ತೋಟೆಗೆ ಇರುವುದು ನಾಲ್ಕೇ ಅಂಗ: ಹಿತ್ತಾಳೆಯ ಕೊಳವೆ, ಒಳಗಿನ ಮದ್ದು, ಮುಂದಿನ ಗುಂಡು, ಹಿಂದೆ ಕಿಡಿ ಹುಟ್ಟಿಸುವ ಕೇಪು. ಹೊಡೆದ ಕೊಳವೆಯನ್ನೇ ಹೆಕ್ಕಿ ತಂದು ಮನೆಯಲ್ಲೇ ಮತ್ತೆ ತುಂಬಬಹುದು. ಇಲ್ಲಿ ಎಷ್ಟೋ ಜನರ ಹವ್ಯಾಸ ಅದು. ಕಬ್ಬಿಣದ ಪ್ರೆಸ್ಸೊಂದನ್ನು ತರಿಸಿ ಮೇಜಿಗೆ ಬಿಗಿದೆ. ಮೇಲಿಂದ ಹಿಡಿ ಒತ್ತಿದರೆ ಕೆಳಗಿನಿಂದ ಕಂಬ ಏರುವ ಯಂತ್ರ. ಅಮ್ಮ ಅದನ್ನು ಸುತ್ತು ಹಾಕಿ ನೋಡಿ ಹಿಗ್ಗಿದರು. "ಶಾವಿಗೆ ಒರಳಿನ ಹಂಗೇ ಉಂಟಲ್ಲ! ಬಿಲ್ಲೆ ಎಲ್ಲಿ?"

ಬಿಲ್ಲೆ ಇರಲಿಲ್ಲ, ಕೇಪೂ ಇರಲಿಲ್ಲ. ನನಗೆ ಹೊಳೆದದ್ದು ದೇಶದ ಎಲ್ಲ ಜಾಣರಿಗೂ ಹೊಳೆದಿತ್ತು. ಅಮೆರಿಕದಲ್ಲಿ ಕೇಪು ಮಾಡುವ ದೊಡ್ಡ ಹೆಸರುಗಳು ನಾಲ್ಕೇ: ಫೆಡರಲ್, ಸಿಸಿಐ, ವಿಂಚೆಸ್ಟರ್, ರೆಮಿಂಗ್ಟನ್. ಅವರಿಗೆ ತಮ್ಮ ತೋಟೆಗಳಿಗೇ ಕೇಪು ಸಾಲದಿದ್ದಾಗ ಬಿಡಿಯಾಗಿ ಹೊರಗೆ ಬರುವುದು ಎಲ್ಲಿಂದ? ಸಾವಿರಕ್ಕೆ 30-35 ಡಾಲರಿನಂತೆ ಸಿಗುತ್ತಿದ್ದದ್ದು ಕೈಯಿಂದ ಕೈಗೆ ನೂರು ದಾಟಿತು. "ಕೇಪಿಲ್ಲದ ತೋಟೆ ಎಂತಕ್ಕೆ ಬಂತು?" ಎಂದು ಅಮ್ಮ ಒಂದೇ ಮಾತಿನಲ್ಲಿ ಇಡೀ ಉದ್ಯಮದ ಬಿಕ್ಕಟ್ಟನ್ನು ಹೇಳಿ ಮುಗಿಸಿದರು.

ಮುಂದಾಲೋಚನೆಯಿಂದ ಹಸಿರು ಬಣ್ಣದ ಹೊಸ ತಗಡಿನ ಪೆಟ್ಟಿಗೆಗಳನ್ನೂ ತರಿಸಿಟ್ಟಿದ್ದೆ. ಮುಚ್ಚಳದ ಸುತ್ತ ರಬ್ಬರು, ಗಾಳಿ ತೇವ ಒಳಗೆ ಹೋಗದು. ಪೆಟ್ಟಿಗೆ ಬಂದವು, ತುಂಬುವಷ್ಟು ತೋಟೆ ಬರಲಿಲ್ಲ. ಟೆಕ್ಸಾಸಿನ ಬಿಸಿಲನ್ನು ವ್ಯರ್ಥವಾಗಲು ಬಿಡುವುದು ಪಾಪ ಎಂದು ಅಮ್ಮ ಬೇಸಿಗೆಯಿಡೀ ಹಿತ್ತಲಲ್ಲಿ ಅರಳುಸಂಡಿಗೆ ಹಾಕಿದ್ದರು. ಒಂದು ದಿನ ನೋಡುತ್ತೇನೆ, ಯುದ್ಧದ ಪೆಟ್ಟಿಗೆಗಳ ತುಂಬ ಸಂಡಿಗೆ, ಹಪ್ಪಳ, ಬಾಳಕದ ಮೆಣಸು. "ಎಂಥಾ ಒಳ್ಳೇ ಡಬ್ಬಿ ಮಾರಾಯ! ಮಳೆಗಾಲದಲ್ಲೂ ಮೆತ್ತಗಾಗೂದಿಲ್ಲ." ಮನೆಯ ನಾಲ್ಕು ಗೋಡೆಯೊಳಗೆ ಆ ಪೆಟ್ಟಿಗೆಗಳಿಂದ ನಿಜವಾಗಿ ಉಪಯೋಗ ಪಡೆದವರು ಅವರೊಬ್ಬರೇ. ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಊರಿಗೆ ಒಯ್ಯುತ್ತಿದ್ದ ವಂದೇ ಭಾರತ್ ವಿಮಾನದಲ್ಲಿ ಸೀಟು ಸಿಕ್ಕಿ ಹೊರಟಾಗ, "ಖಾಲಿಯಾದ್ರೆ ಎರಡು ಕಳಿಸು" ಎಂದು ಹೇಳಿಯೇ ಹೋದರು.

2022ರ ಹೊತ್ತಿಗೆ ಗದ್ದಲ ಇಳಿಯಿತು. ಅಂಗಡಿಯ ಹಲಗೆಗಳು ತುಂಬಿದವು, ಒಂಬತ್ತು ಎಂಎಂ ಡಬ್ಬಿಯ ಬೆಲೆ ನಲವತ್ತರ ಅರ್ಧಕ್ಕಿಂತ ಕೆಳಗೆ ಬಂತು. ನನ್ನ ದಾಸ್ತಾನು ಮಾತ್ರ ಒಂದು ತೋಟೆಯೂ ಕರಗಲಿಲ್ಲ. ಎಂಬತ್ತು ಸೆಂಟ್ ಕೊಟ್ಟು ತಂದದ್ದನ್ನು ಕಾಗದಕ್ಕೆ ಹೊಡೆಯಲು ಕೈ ಬರುತ್ತದೆಯೆ? ಆಟಕ್ಕೆ ಹೊಸದಾಗಿ ಸೋವಿಯದ್ದು ತಂದೆ. ಹಳೆಯದನ್ನು ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದರೆ, ತೇವವಿಲ್ಲದ ಜಾಗದಲ್ಲಿಟ್ಟರೆ ತೋಟೆ ದಶಕಗಟ್ಟಲೆ ಕೆಡುವುದಿಲ್ಲ, ನಿನ್ನ ರವೆಯ ಹಾಗೆ ಹುಳು ಬೀಳುವುದಿಲ್ಲ ಎಂದು ಈಗಲೂ ಎದೆಯುಬ್ಬಿಸಿ ವಾದಿಸುತ್ತೇನೆ. ಸಾವಿರ ತೋಟೆ ಎಂದರೆ ಸುಮಾರು ಹನ್ನೆರಡು ಕಿಲೋ. ಗ್ಯಾರೇಜು ಗುಡಿಸುವಾಗ ಅದನ್ನು ಎತ್ತಿ ಆಚೆ ಇಡುವ ಕೆಲಸ ಮಾತ್ರ ನನ್ನದು ಎಂದು ತೀರ್ಮಾನವಾಗಿದೆ.

ಓದುಗ ಮಹಾಶಯರೇ, ಅಭಾವ ಬಂದಾಗ ಅಂಗಡಿಯ ಖಾಲಿ ಹಲಗೆಗಿಂತ ಚೆನ್ನಾಗಿ ವ್ಯಾಪಾರ ಮಾಡುವ ಸೇಲ್ಸ್‌ಮನ್ ಮತ್ತೊಬ್ಬನಿಲ್ಲ. ಅವನೆದುರು ನನ್ನ ಬಿ.ಇ. ಪದವಿಯೂ ನಡೆಯಲಿಲ್ಲ, ಎಂ.ಎಸ್. ಪದವಿಯೂ ನಡೆಯಲಿಲ್ಲ. ಆದ್ದರಿಂದ ಎಲ್ಲಾದರೂ ಉದ್ದದ ಸಾಲು ಕಂಡರೆ, ಅದು ಉಪ್ಪಿನದಾಗಲಿ, ಈರುಳ್ಳಿಯದಾಗಲಿ, ಮದ್ದುಗುಂಡಿನದಾಗಲಿ, ಮೊದಲು ಜೇಬಿನಲ್ಲಿರುವ ಚೀಟಿ ತೆಗೆದು ಓದಿ. ಅದರಲ್ಲಿ ಬರೆದಿದ್ದರೆ ಮಾತ್ರ ನಿಲ್ಲಿ. ಬರೆದಿಲ್ಲದಿದ್ದರೆ ಬೇಳೆ ತೆಗೆದುಕೊಂಡು ನೆಟ್ಟಗೆ ಮನೆಗೆ ಹೋಗಿ.