ಮುಖಕ್ಕೆ ಚುಕ್ಕಿ ಇಡುವವರು

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅಂತ ಗಾದೆ ಕಟ್ಟಿದ ಪುಣ್ಯಾತ್ಮನಿಗೆ ಮೊಡವೆ ಆಗಿರಲಿಲ್ಲವೋ ಏನೋ. ಆ ಗಾದೆಯನ್ನು ಕನ್ನಡಿ ಮುಂದೆ ನಿಂತು ಚಾಚೂ ತಪ್ಪದೆ ಪಾಲಿಸಿದವರೆಲ್ಲ ಈಗ ಚರ್ಮದ ಡಾಕ್ಟರ ಬಾಗಿಲಲ್ಲಿ ಟೋಕನ್ ಹಿಡಿದು ಕೂತಿದ್ದಾರೆ. ಹದಿನೇಳರಲ್ಲಿ ಹಿಸುಕಿದ್ದಕ್ಕೆ ಇಪ್ಪತ್ತೇಳರಲ್ಲಿ ಇಎಂಐ!

ಎಲ್ಲ ಪಾಪವೂ ಉಗುರಿನದಲ್ಲ ಅನ್ನಿ. ಕೀವು ತುಂಬಿದ ಮೊಡವೆ ಒಳಗೊಳಗೇ ಉರಿದು, ಚರ್ಮವನ್ನು ಹಿಡಿದಿಟ್ಟ ಕೊಲಾಜನ್ ಹಾಳಾದರೂ ಗುಳಿ ಬೀಳುತ್ತದೆ. ಆದರೆ ನಮ್ಮ ಮನೆಗಳಲ್ಲಿ ತೀರ್ಪು ಮೊದಲೇ ಸಿದ್ಧ: "ಕರಿದದ್ದು ತಿಂದೆಯಲ್ಲ, ಅನುಭವಿಸು." ಹಿಂದೆಯೇ ದೊಡ್ಡಮ್ಮನ ಕಡಲೆಹಿಟ್ಟು, ಅರಿಶಿನ, ನಿಂಬೆರಸ. ಕಡಲೆಹಿಟ್ಟು ಬೋಂಡಾಕ್ಕೆ ಬಲು ಒಳ್ಳೆಯದು. ಕೆನ್ನೆಯ ಗುಳಿ ತುಂಬುವುದು ಅದರ ಕೈಲಾಗದ ಕೆಲಸ.

ಡಾಕ್ಟರು ಓರೆಯಾಗಿ ಬೆಳಕು ಬಿಟ್ಟು ನೋಡಿದಾಗಲೇ ಗುಳಿಗಳಲ್ಲೂ ಜಾತಿಯಿದೆ ಅಂತ ತಿಳಿಯುವುದು. ಕಿರಿದಾಗಿ ಆಳಕ್ಕಿಳಿದದ್ದು ಐಸ್ ಪಿಕ್, ಅಂಚು ಕಡಿದಾಗಿರುವುದು ಬಾಕ್ಸ್‌ಕಾರ್, ತಗ್ಗುದಿಣ್ಣೆಯದು ರೋಲಿಂಗ್. ಗುಳಿ ತಗ್ಗಿಸಲು ಎಲ್ಲರೂ ಕೇಳಿಕೊಂಡು ಬರುವ ಲೇಸರ್ ಎಲ್ಲಕ್ಕೂ ಒಲಿಯುವ ದೇವರಲ್ಲ. ಐಸ್ ಪಿಕ್ ಗುಳಿಗೆ ಟಿಸಿಎ ಆಸಿಡ್ ಮುಟ್ಟಿಸುತ್ತಾರೆ. ರೋಲಿಂಗ್ ಗುಳಿಯನ್ನು ಕೆಳಕ್ಕೆ ಎಳೆದಿರುವ ನಾರನ್ನು ಸೂಜಿ ತೂರಿಸಿ ಬಿಡಿಸುತ್ತಾರೆ. ಲೇಸರ್ ಚೆನ್ನಾಗಿ ಒಗ್ಗುವುದು ಆಳವಿಲ್ಲದ ಬಾಕ್ಸ್‌ಕಾರ್‌ಗಳಿಗೆ.

ಇನ್ನು ಯಂತ್ರದ ಕುಲಗೋತ್ರ. ಇದಕ್ಕೆ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಸಿ. ಕುಮಾರ್ ಪಟೇಲ್, ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ. 'ಫಾರಿನ್ ಮಷೀನು' ಅಂತ ಬಿಲ್ಲು ಏರಿಸುವವರಿಗೆ ಇದನ್ನು ಹೇಳಿ ನೋಡಿ. ರಿಯಾಯಿತಿಯೇನೂ ಸಿಗುವುದಿಲ್ಲ, ಸಮಾಧಾನ ಸಿಗುತ್ತದೆ. ಇದರ 10,600 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣದು, ಆದರೆ ನೀರು ಕಂಡರೆ ಬಿಡದು. ಚರ್ಮದಲ್ಲಿ ನೀರಿಗೇನು ಬರ? ಬಿದ್ದಲ್ಲಿ ಚರ್ಮವೇ ಆವಿ.

ಮೊದಲೆಲ್ಲ ಮುಖದ ಮೇಲುಪದರವನ್ನು ಪೂರ್ತಿ ಎಬ್ಬಿಸಿಬಿಡುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಕೆಂಪು ಮೂತಿ. 2004ರಲ್ಲಿ ಬಾಸ್ಟನ್ನಿನ ಡೀಟರ್ ಮ್ಯಾನ್‌ಸ್ಟೈನ್, ರಾಕ್ಸ್ ಆಂಡರ್ಸನ್ ತಂಡ ಹೊಸ ಉಪಾಯ ಪ್ರಕಟಿಸಿತು: ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಅಲ್ಲಲ್ಲಿ ಸಣ್ಣ ಗಾಯ, ನಡುವಿನ ಚರ್ಮಕ್ಕೆ ಅಭಯ. ಆ ಉಳಿದ ಚರ್ಮವೇ ಗಾಯವನ್ನು ಬೇಗ ಮುಚ್ಚುತ್ತದೆ, ಒಳಗೆ ಹೊಸ ಕೊಲಾಜನ್ ಹುಟ್ಟುತ್ತದೆ. ಈ ಉಪಾಯ ಆಮೇಲೆ ಪಟೇಲರ ಲೇಸರಿಗೂ ಬಂತು. ಅಂದರೆ ಇಷ್ಟೇ: ಯಂತ್ರ ಮಾಡುವುದು ಗಾಯ, ರಿಪೇರಿಯೆಲ್ಲ ನಮ್ಮದೇ ಚರ್ಮದ್ದು, ಬಿಲ್ಲು ಮಾತ್ರ ಯಂತ್ರದ ಹೆಸರಿಗೆ.

ಮರಗಟ್ಟಿಸುವ ಕ್ರೀಮು ಬಳಿದು ಮುಕ್ಕಾಲು ಗಂಟೆ ಕೂರಿಸಿ, ಕಣ್ಣಿಗೆ ಕವಚ ಹಾಕಿ ಶುರು ಮಾಡುತ್ತಾರೆ. ಚುರುಚುರು ಅನ್ನುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯುತ್ತದೆ. ಬೇರೆ ಯಾರದೋ ಅಂದುಕೊಳ್ಳುವ ಹಾಗೂ ಇಲ್ಲ. ಒಂದೆರಡು ದಿನ ಮುಖ ಕೆಂಪಗೆ ಊದಿ, ಆಮೇಲೆ ಒರಟು ಕಂದು ಹಕ್ಕಳೆ. ಅಸಲಿ ಪರೀಕ್ಷೆ ಈಗ. ಹಕ್ಕಳೆ ಕಂಡರೆ ಕೆರೆಯದೆ ಬಿಟ್ಟವರು ನಮ್ಮಲ್ಲಿ ಯಾರಿದ್ದಾರೆ? ಸಾಲದ್ದಕ್ಕೆ ನಮ್ಮ ಬಣ್ಣದ ಚರ್ಮಕ್ಕೆ ಗಾಯವಾದಲ್ಲೆಲ್ಲ ಕಪ್ಪಾಗುವ ಚಟ. ಅದಕ್ಕೇ ನಮ್ಮ ಡಾಕ್ಟರು ಚುಕ್ಕಿಗಳನ್ನು ವಿರಳವಾಗಿಟ್ಟು, "ಬಿಸಿಲಿಗೆ ಹೋಗಬೇಡಿ, ಸನ್‌ಸ್ಕ್ರೀನ್ ಮರೆಯಬೇಡಿ" ಅಂತ ಗಿಣಿಗೆ ಹೇಳಿದ ಹಾಗೆ ಹೇಳುತ್ತಾರೆ.

ಇಷ್ಟಾದ ಮೇಲೂ "ಮದುವೆಗೆ ಇಪ್ಪತ್ತು ದಿನ ಇದೆ ಡಾಕ್ಟ್ರೇ, ಅಷ್ಟರೊಳಗೆ ನುಣ್ಣಗೆ ಮಾಡಿಕೊಡಿ" ಅಂತ ಬರುವವರು ಇದ್ದೇ ಇದ್ದಾರೆ. ಕೊಲಾಜನ್‌ಗೆ ಮುಹೂರ್ತ ಗೊತ್ತಿಲ್ಲವಲ್ಲ! ಅದು ತಿಂಗಳುಗಟ್ಟಲೆ ನಿಧಾನವಾಗಿ ಬೆಳೆಯುವ ಸರಕು; ಒಂದೇ ಸಲಕ್ಕೆ ಮುಗಿಯುವುದಿಲ್ಲ, ತಿಂಗಳು ಬಿಟ್ಟು ಮತ್ತೆ ಮತ್ತೆ ಮಾಡಿಸಬೇಕು. ಕೊನೆಗೂ ಗುಳಿ ಮಾಯವಾಗುವುದಿಲ್ಲ, ತಗ್ಗುತ್ತದೆ. ಒಳ್ಳೆಯ ಡಾಕ್ಟರು ಇದನ್ನು ಮೊದಲೇ ಹೇಳುತ್ತಾರೆ. ಇಷ್ಟೆಲ್ಲ ಸಹಿಸಿ ಮಂಟಪ ಏರಿದವಳನ್ನು ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಮುಖ ಲಕ್ಷಣವಾಗಿದೆ ಕಣೇ, ಎತ್ತರ ಒಂಚೂರು ಸಾಲದು" ಅಂದರೆ ಎದೆಗುಂದಬೇಡಿ. ಅದಕ್ಕೆ ಹೀಲ್ಸ್ ಚಪ್ಪಲಿ ಇದೆ. ಸನ್‌ಸ್ಕ್ರೀನ್ ಕೂಡ ಬೇಡ.