ಆರ್ನಾಲ್ಕ್ಲಿ ಇಪ್ಪತ್ನಾಲ್ಕು: ಐಡಾ ಅಜ್ಜಿಗೊಂದು ಬಹಿರಂಗ ಪತ್ರ

ಮಾತೃಶ್ರೀ ಸಮಾನರಾದ ಐಡಾ ಮೇ ಫುಲ್ಲರ್ ಅಜ್ಜಿಯವರಿಗೆ,

ಬೆಂಗಳೂರಿನಿಂದ ನಿಮ್ಮ ಪರದೇಶಿ ಮೊಮ್ಮಗ ಮಾಡುವ ನಮಸ್ಕಾರಗಳು. ಇತ್ತ ಕ್ಷೇಮ. ನೂರು ತುಂಬಿಸಿಕೊಂಡು 1975ರಲ್ಲೇ ಹೊರಟುಬಿಟ್ಟ ನಿಮ್ಮ ಕ್ಷೇಮ ವಿಚಾರಿಸುವ ಹಾಗಿಲ್ಲ. ಬದುಕಿರುವವರಿಗೆ ಬರೆದು ಬರೆದು ಸಾಕಾಗಿ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಕಥೆ ಓದಿ ಹೊಟ್ಟೆ ಉರಿಯಿತು ಅಜ್ಜಿ, ಮುಚ್ಚಿಡುವುದೇಕೆ. ವರ್ಮಾಂಟ್‌ನ ಲಡ್ಲೋ ಊರಿನಲ್ಲಿ ವಕೀಲರ ಹತ್ತಿರ ಕೆಲಸಕ್ಕಿದ್ದ ನೀವು ಅಮೆರಿಕದ ಸರ್ಕಾರಿ ಪಿಂಚಣಿಯಾದ ಸೋಶಿಯಲ್ ಸೆಕ್ಯುರಿಟಿಗೆ ಮೂರು ವರ್ಷದಲ್ಲಿ ಕಟ್ಟಿದ್ದು ಒಟ್ಟು 24 ಡಾಲರ್ 75 ಸೆಂಟ್. 1940ರ ಜನವರಿ 31ರ ತಾರೀಖು ಹೊತ್ತ ನಿಮ್ಮ ಚೆಕ್ಕು, ಆ ದೇಶದ ಮೊಟ್ಟಮೊದಲ ಮಾಸಿಕ ಪಿಂಚಣಿ, 22 ಡಾಲರ್ 54 ಸೆಂಟಿನದು. ಎರಡನೆಯದಕ್ಕೆ ಅಸಲು ವಸೂಲು! ಸಾಯುವ ಹೊತ್ತಿಗೆ ನಿಮ್ಮ ಕೈಸೇರಿದ್ದು 22,888 ಡಾಲರ್ 92 ಸೆಂಟ್. ನಮ್ಮೂರಿನ ಯಾವ ಚೀಟಿ ವ್ಯವಹಾರದವನೂ ಇಷ್ಟು ಆಸೆ ತೋರಿಸಿದ್ದಿಲ್ಲ.

ನಿಮ್ಮ ದೇಶದಲ್ಲಿ ಆರು ವರ್ಷ ದುಡಿದು ಬಂದ ನನ್ನದೂ ಇಪ್ಪತ್ನಾಲ್ಕೇ. ಡಾಲರ್ ಅಲ್ಲ, ಕ್ರೆಡಿಟ್ಟು. ಈಗ ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ನಾಲ್ಕರ ಮೇಲೆ ಕೊಡುವುದಿಲ್ಲ. ಅಲ್ಲಿಗೆ ಹತ್ತು ವರ್ಷ. ನನ್ನ ಎಚ್-1ಬಿ ವೀಸಾ ಮೂರು ಮತ್ತು ಮೂರು, ಆರು ವರ್ಷ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಲ್ಲದವನು ಆಮೇಲೆ ಗಂಟುಮೂಟೆ ಕಟ್ಟಲೇಬೇಕು. ಆರ್ನಾಲ್ಕ್ಲಿ ಇಪ್ಪತ್ನಾಲ್ಕು. ಮಗ್ಗಿ ಬರುವ ಮಗುವಿಗೂ ಮೊದಲ ದಿನವೇ ಗೊತ್ತಾಗುವ ಫಲಿತಾಂಶ. ಪಂಕ್ತಿಯಲ್ಲಿ ಕೂರಿಸಿ, ಎಲೆಯ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಡಿಸಿ, ಅನ್ನದ ಬುಟ್ಟಿ ಬರುವಷ್ಟರಲ್ಲಿ "ಏಳಿ, ಮುಂದಿನ ಪಂಕ್ತಿ" ಎಂದ ಹಾಗೆ. ಅಕ್ಕಿ ಬೇರೆ ನಮ್ಮದೇ.

ಹದಿನೈದು ದಿನಕ್ಕೊಮ್ಮೆ ಬರುವ ಪೇಸ್ಲಿಪ್ಪಿನಲ್ಲಿ 'ಒಎಎಸ್‌ಡಿಐ' ಎಂಬುದೊಂದು ಸಾಲು. ವೃದ್ಧರ, ಗತಿಸಿದವರ ಕುಟುಂಬದ, ಅಂಗವಿಕಲರ ವಿಮೆ ಎಂದು ಬಿಡಿಸಿ ಹೇಳಿದವನು ಪಕ್ಕದ ಮೇಜಿನ ಗುಂಟೂರಿನ ಹುಡುಗ. "ನಮಗಲ್ಲ" ಎಂದೂ ಅವನೇ ಹೇಳಿದ. ಶೇಕಡಾ 6.2. ನನ್ನ 90,000 ಡಾಲರ್ ಸಂಬಳಕ್ಕೆ ವರ್ಷಕ್ಕೆ 5,580, ಆರು ವರ್ಷಕ್ಕೆ 33,480. ಅಷ್ಟನ್ನೇ ಕಂಪನಿಯೂ ಕಟ್ಟಿತು. ಮೆಡಿಕೇರಿನ 1.45 ಬೇರೆ, ಜಯನಗರದಲ್ಲಿ ಮಂಡಿ ನೋವಿಗೆ ತೋರಿಸಿಕೊಂಡರೆ ಅದು ಬಿಲ್ಲು ಕಟ್ಟುವುದಿಲ್ಲ. ಹಾಗಂತ ಸೋಶಿಯಲ್ ಸೆಕ್ಯುರಿಟಿಯವರು ಕಳ್ಳರೇನಲ್ಲ. ನನ್ನ 24 ಕ್ರೆಡಿಟ್ಟುಗಳನ್ನು ಕಡತದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ಮತ್ತೆ ಹೋಗಿ ನಾಲ್ಕು ವರ್ಷ ದುಡಿದರೆ ಸೇರಿಸಿಕೊಳ್ಳುತ್ತಾರೆ. ವೀಸಾ ಕೇಳಬಾರದು, ಅಷ್ಟೆ.

ನನ್ನ ಷಡ್ಡಕ ಜಪಾನಿನಲ್ಲಿದ್ದ. ಊರಿಗೆ ಬಂದ ಎರಡು ವರ್ಷದೊಳಗೆ ಅರ್ಜಿ ಗುಜರಾಯಿಸಿದ, ಅಲ್ಲಿನ ಪಿಂಚಣಿಗೆ ಕಟ್ಟಿದ್ದರಲ್ಲಿ ಒಂದು ಪಾಲು ಇಡಿಗಂಟಾಗಿ ಬಂತು. ಶೇಕಡಾ 20.42 ತೆರಿಗೆ ಮುರಿದುಕೊಂಡರೆಂದು ಹಬ್ಬಹಬ್ಬಕ್ಕೂ ಗೊಣಗುತ್ತಾನೆ. ಒಬ್ಬಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ನನಗೆ.

ದೇಶದೇಶಗಳು ಒಪ್ಪಂದ ಮಾಡಿಕೊಂಡರೆ ಅಲ್ಲಿಯ ವರ್ಷ, ಇಲ್ಲಿಯ ವರ್ಷ ಕೂಡಿಸಬಹುದಂತೆ. ನಿಮ್ಮವರು 1978ರಲ್ಲಿ ಇಟಲಿಯಿಂದ ಶುರುಮಾಡಿ 30 ದೇಶಗಳ ಜತೆ ಮಾಡಿಕೊಂಡಿದ್ದಾರೆ. ಭಾರತ ಅದರಲ್ಲಿಲ್ಲ. ಎದುರಿನ ದೇಶದ ವ್ಯವಸ್ಥೆ ಅಲ್ಲಿನ ಜನಕ್ಕೆಲ್ಲ ಸಾಮಾನ್ಯವಾಗಿ ಅನ್ವಯಿಸುವಂತಿರಬೇಕು ಎಂಬುದು ನಿಮ್ಮ ಕಾನೂನು. ನಮ್ಮ ಪಿಎಫ್ ನೋಡಿದರೆ ಸಂಘಟಿತ ವಲಯ ದಾಟುವುದಿಲ್ಲ. ಅಂದರೆ ದರ್ಶಿನಿಯಲ್ಲಿ ತಟ್ಟೆ ಎತ್ತುವ ಹುಡುಗನಿಗೆ ನಾವು ಪಿಂಚಣಿ ಕೊಡದ ಪಾಪಕ್ಕೆ ನೀವು ನನ್ನದನ್ನು ಇಟ್ಟುಕೊಂಡಿರಿ. ನ್ಯಾಯ ಎಷ್ಟು ಚೆನ್ನಾಗಿದೆಯೆಂದರೆ ಎದುರು ಮಾತೇ ಹೊಳೆಯುವುದಿಲ್ಲ.

ಹೊಳೆಯದಿರಲು ಇನ್ನೊಂದು ಕಾರಣವಿದೆ. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಿಮ್ಮ ದೇಶದ ಮೇಷ್ಟ್ರೊಬ್ಬರಿದ್ದಾರೆ, ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಪಾಠ. ಒಂದು ದಿನ ಲಿಫ್ಟಿನಲ್ಲಿ ನನ್ನ ಗೋಳು ತೋಡಿಕೊಂಡೆ. ಅವರು ತಮ್ಮ ಪೇಸ್ಲಿಪ್ ತೆಗೆದು ತೋರಿಸಿದರು. 2008ರಿಂದ ನಮ್ಮಲ್ಲೂ ಒಂದು ನಿಯಮ: ನಮ್ಮವರು ಪಿಎಫ್ ಕಟ್ಟಲು 15,000 ರೂಪಾಯಿ ಸಂಬಳದ ಮಿತಿಯಿದೆ, ಒಪ್ಪಂದವಿಲ್ಲದ ದೇಶದ ವಿದೇಶಿ ನೌಕರನಿಗೆ ಮಿತಿಯೇ ಇಲ್ಲ, ಇಡೀ ಸಂಬಳದ ಮೇಲೆ ಶೇಕಡಾ 12. ಕೆಲಸ ಬಿಟ್ಟು ಹೊರಟರೂ ದುಡ್ಡು ಸಿಗುವುದು 58 ತುಂಬಿದ ಮೇಲೆ. ಮೇಷ್ಟ್ರಿಗೆ ಈಗ 34. ಈ ನಿಯಮ ಸಂವಿಧಾನಕ್ಕೆ ವಿರುದ್ಧ ಎಂದು 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟು ಹೇಳಿತು. ವಿಷಯ ತಿಳಿದ ದಿನ ಮೇಷ್ಟ್ರು ಎಲ್ಲರಿಗೂ ಮೈಸೂರುಪಾಕ್ ಹಂಚಿದರು. ಮೈಸೂರುಪಾಕ್ ಖರ್ಚಾಯಿತು, ಪಿಎಫ್ ಇನ್ನೂ ಬಂದಿಲ್ಲ.

ಅಜ್ಜಿ, ನೀವು ಬೇರೆ ಯಾವುದೋ ಕೆಲಸಕ್ಕೆ ರಟ್‌ಲೆಂಡಿಗೆ ಹೋದಾಗ, ಕಟ್ಟಿದ್ದೇನೋ ಇದೆಯಲ್ಲ, ನೋಡೋಣ ಎಂದು ಹಾಗೇ ಸೋಶಿಯಲ್ ಸೆಕ್ಯುರಿಟಿ ಕಚೇರಿಯೊಳಗೆ ಹೋಗಿ ವಿಚಾರಿಸಿದಿರಂತೆ. ಇನ್ನೊಮ್ಮೆ ಆ ಕಡೆ ಹೋದರೆ ನನ್ನದನ್ನೂ ಒಂದು ಮಾತು ಕೇಳಿ. ನಿಮ್ಮ ಮೂರು ವರ್ಷಕ್ಕೆ ಈಗಿನ ಲೆಕ್ಕದಲ್ಲಿ ಹೆಚ್ಚೆಂದರೆ 12 ಕ್ರೆಡಿಟ್. ನಿಮಗೆ ಇನ್ನು ಅವುಗಳ ಅಗತ್ಯವಿಲ್ಲ, ನನಗೆ ಕೈಗಡ ಕೊಡಿ. ಆಗಲೂ 36. ಉಳಿದ ನಾಲ್ಕನ್ನು ಮೂರನೇ ಮಹಡಿಯ ಮೇಷ್ಟ್ರು ಕೊಡುತ್ತೇನೆ ಎಂದಿದ್ದಾರೆ, ನಾನು ಅವರ ಪಿಎಫ್ ಬಿಡಿಸಿಕೊಟ್ಟರೆ.

ಇಂತಿ ನಿಮ್ಮ,
ಪರದೇಶಿ