ಕಡ ಕೊಡಲಾಗದ ಗುಳಿಗೆ

ಧಾರಾವಿಯಲ್ಲಿ ನನ್ನದು, ನಿನ್ನದು ಎಂಬ ಗೆರೆ ಬಹಳ ತೆಳ್ಳಗೆ. ನಮ್ಮ ಗೋಡೆಯ ಆಚೆ ಮಗ್ಗುಲು ತಿರುನೆಲ್ವೇಲಿಯವರದು. ಅವರು ಮೊಳೆ ಹೊಡೆದರೆ ನಮ್ಮ ಲೋಟ ಉರುಳುತ್ತದೆ. ನಲ್ಲಿ ಹಂಚಿಕೆ, ಶೌಚಾಲಯ ಹಂಚಿಕೆ, ಗಲ್ಲಿಗೆ ಬೀಳುವ ಅಷ್ಟಿಷ್ಟು ಬಿಸಿಲೂ ಹಂಚಿಕೆ. ಸಕ್ಕರೆ, ಹೆಪ್ಪಿನ ಮೊಸರು, ಛತ್ರಿ, ಮದುವೆಗೆ ಹೋಗುವಾಗ ಕೊರಳಿಗೊಂದು ಸರ ಎಲ್ಲವೂ ಕಡ ಸಿಗುತ್ತವೆ. ಆದ್ದರಿಂದ ಎದುರುಮನೆಯ ಕಾಕು ಒಂದು ಸಂಜೆ ಹೊಸ್ತಿಲ ಮೇಲೆ ನಿಂತು ಅಂಗೈ ಚಾಚಿ, “ತಮ್ಮಾ, ಒಂದು ಬಿಪಿ ಗುಳಿಗಿ ಕೊಡಪಾ, ನಾಳಿ ತಿರುಗಿ ಕೊಡ್ತೀನಿ” ಎಂದದ್ದರಲ್ಲಿ ವಿಶೇಷವೇನೂ ಇರಲಿಲ್ಲ. ವಿಶೇಷವೆಂದರೆ ನಾನು ಇಲ್ಲ ಎಂದದ್ದು. ಗಲ್ಲಿಯಲ್ಲಿ ಇಲ್ಲ ಎನ್ನುವವನ ಹೆಸರು ಬಹಳ ದಿನ ಬಾಳುತ್ತದೆ.

“ನಿಂದೂ ಬಿಪಿ, ನಂದೂ ಬಿಪಿ. ಬ್ಯಾರೆ ಏನದ?”

ಬೇರೆ ಬಹಳವಿದೆ. ನನ್ನದು ಮೆಟೊಪ್ರೊಲಾಲ್, ಹೃದಯದ ಓಟವನ್ನು ನಿಧಾನ ಮಾಡುವ ಜಾತಿಯದು. ನಾನೋ ಹುಟ್ಟಾ ನಿಧಾನಸ್ಥ. ಸಾಯನ್ ಸ್ಟೇಷನ್ನಿನಲ್ಲಿ ಲೋಕಲ್ ನಿಂತಿದ್ದರೂ ಓಡದೆ, ಮುಂದಿನದಕ್ಕೆ ಹೋದರಾಯಿತು ಎನ್ನುವವನು. ಇಂಥವನ ಮೈಯೊಳಗೆ ಓಡುವಂಥದ್ದೂ ಒಂದಿದೆ ಎಂದು ಡಾಕ್ಟರು ಹೇಳಿದಾಗ ನಮ್ಮ ಮನೆಯವಳು ನಂಬಲೇ ಇಲ್ಲ. ಕಾಕುವಿನದು ಅಮ್ಲೋಡಿಪಿನ್, ಅದು ರಕ್ತನಾಳಗಳನ್ನು ಸಡಿಲಿಸುತ್ತದೆ. ಮೇಲಾಗಿ ಕಾಕುವಿಗೆ ದಮ್ಮಿನ ಕಾಟ. ನನ್ನ ಗುಳಿಗೆ ದಮ್ಮಿದ್ದವರ ಉಸಿರುನಾಳವನ್ನೇ ಬಿಗಿ ಹಿಡಿಯಬಹುದು. ಹಾಗೆಯೇ ಟೆಲ್ಮಿಸಾರ್ಟನ್ ಎಂಬುದೊಂದಿದೆ, ಅದು ಬಸುರಿಯರಿಗೆ ಕೂಡದು. ಎಲ್ಲವನ್ನೂ ನಾವು ‘ಬಿಪಿ ಗುಳಿಗಿ’ ಎಂದು ಒಂದೇ ಡಬ್ಬಿಗೆ ಹಾಕಿಡುತ್ತೇವೆ.

ವಿಚಾರಿಸಿದರೆ ಕಾಕುವಿನ ಗುಳಿಗೆ ಮುಗಿದೇ ಇರಲಿಲ್ಲ. ಹರಡಿನ ಹತ್ತಿರ ಕಾಲು ಬಾತಿತ್ತು. ಮೊದಲು ಹೊಸ ಚಪ್ಪಲಿಯನ್ನು ಬೈದು, ಆಮೇಲೆ ಗುಳಿಗೆಯ ಮೇಲೆ ಅನುಮಾನ ಬಂದು, ಯಾರನ್ನೂ ಕೇಳದೆ ಬಿಟ್ಟುಬಿಟ್ಟಿದ್ದರು. ಅನುಮಾನ ಸರಿಯಾದದ್ದೇ, ಅಮ್ಲೋಡಿಪಿನ್ ಕೆಲವರಿಗೆ ಕಾಲು ಬಾವು ತರುತ್ತದೆ. ಆದರೆ ಅದಕ್ಕೆ ಡಾಕ್ಟರು ಪ್ರಮಾಣ ಇಳಿಸುತ್ತಾರೆ, ಇಲ್ಲವೆ ಬೇರೆ ಬರೆಯುತ್ತಾರೆ. “ಮೈ ಆರಾಮಿತ್ತು ತಮ್ಮಾ, ಅದಕ್ಕ ಬಿಟ್ಟೆ” ಎಂಬುದು ಕಾಕುವಿನ ಎರಡನೆಯ ವಾದ. ಚಪ್ಪರ ಗಟ್ಟಿಯಾಗಿ ನಿಂತಿದೆ, ಇನ್ನು ಕಂಬವೇಕೆ ಎಂದು ಕಿತ್ತಂತೆ. ನನ್ನ ಜಾತಿಯ ಗುಳಿಗೆಯನ್ನಂತೂ ಥಟ್ಟನೆ ಬಿಡುವಂತೆಯೇ ಇಲ್ಲ. ಅದುವರೆಗೆ ತಡೆದಿಟ್ಟ ಎದೆಬಡಿತ ಒಮ್ಮೆಲೇ ಏರಿ ಹೃದಯಕ್ಕೆ ಅಪಾಯವಾಗಬಹುದು.

ಮರುದಿನ ಕಾಕುವನ್ನು ಛೋಟಾ ಸಾಯನ್‌ಗೆ ಕರೆದುಕೊಂಡು ಹೋದೆ. ಸಾಯನ್ ಆಸ್ಪತ್ರೆಯ ಕೈಕೆಳಗಿನ ನಗರ ಆರೋಗ್ಯ ಕೇಂದ್ರಕ್ಕೆ ಧಾರಾವಿಯಲ್ಲಿ ಅದೇ ಹೆಸರು. (2022ರಲ್ಲಿ ಶುರುವಾದ ಪಾಲಿಕೆಯ ‘ಆಪಲಾ ದವಾಖಾನಾ’ಗಳೂ ಇವೆ, ಅಲ್ಲೂ ಔಷಧಿಗೆ ದುಡ್ಡಿಲ್ಲ.) ಸರದಿಯಲ್ಲಿ ಕೂತ ಕಾಕು, ಊರ ಕಡೆಯ ವೈದ್ಯರೊಬ್ಬರು ಬೇರಿನ ಪುಡಿ ಕೊಡುತ್ತಾರೆ, ಗುಳಿಗೆಯ ಹಂಗೇ ಬೇಡವಂತೆ ಎಂದು ಶುರುಮಾಡಿದರು. ಬೇರನ್ನು ಹಗುರ ಮಾಡುವ ಹಾಗಿಲ್ಲ ನೋಡಿ. ಸಾಯನ್‌ನಿಂದ ಮೂರನೆಯ ಸ್ಟೇಷನ್ ಪರೇಲ್. ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿದ್ದ ಡಾ. ರುಸ್ತುಂ ಜಾಲ್ ವಕೀಲರು ಸರ್ಪಗಂಧದ ಬೇರನ್ನು ಬಿಪಿ ರೋಗಿಗಳಿಗೆ ಕೊಟ್ಟು ನೋಡಿ, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ಆಮೇಲೆ ಜಗತ್ತೆಲ್ಲ ಆ ಬೇರಿನ ಬೆನ್ನು ಬಿದ್ದಿತು. ಅದರ ಸಾರವಾದ ರಿಸರ್ಪಿನ್ ಎಷ್ಟೋ ವರ್ಷ ಚಲಾವಣೆಯಲ್ಲಿತ್ತು. ಮನಸ್ಸಿಗೆ ಮಂಕು ಕವಿಸುತ್ತದೆಂಬ ದೂರು, ಜೊತೆಗೆ ಹೊಸ ಔಷಧಿಗಳ ನೂಕುನುಗ್ಗಲು, ಅದು ಹಿಂದೆ ಸರಿಯಿತು. ಆಮೇಲೆ ಬಂದ ಕ್ಯಾಪ್ಟೊಪ್ರಿಲ್ ಎಂಬ ಇನ್ನೊಂದು ಬಿಪಿ ಗುಳಿಗೆಗೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಹಾವೊಂದರ ವಿಷ! ಅಂದರೆ ಬೇರಿನಲ್ಲೂ ಕಸುವಿದೆ, ವಿಷದಲ್ಲೂ ಕಸುವಿದೆ, ಆದರೆ ಎಷ್ಟು ಎಂದು ತೂಗುವವರು ಬೇಕು. ಪುಡಿಯ ಪೊಟ್ಟಣದ ಮೇಲೆ ಆ ಲೆಕ್ಕ ಇರುವುದಿಲ್ಲ. ಗುಳಿಗೆಯ ಜೊತೆ ಅದೂ ಹೊಟ್ಟೆ ಸೇರಿದರೆ ಬಿಪಿ ಎಲ್ಲಿಗೆ ಇಳಿದೀತೋ! ಇಷ್ಟನ್ನೂ ಕಾಕುವಿಗೆ ವಿವರಿಸುವಷ್ಟರಲ್ಲಿ ಅವರು ಪಕ್ಕದ ತಮಿಳು ಅಜ್ಜಿಯ ಜೊತೆ ಮೀನಿನ ದರಕ್ಕೆ ಹೋಗಿಯಾಗಿತ್ತು.

ಬಿಪಿ ನೋಡುವ ಸಿಸ್ಟರ್ ಕಟ್ಟುನಿಟ್ಟಿನವರು. ಅರ್ಧ ಗಂಟೆಯೊಳಗೆ ಚಹಾ ಕುಡಿದಿರಬಾರದು, ಮೂತ್ರ ಕಟ್ಟಿಕೊಂಡು ಕೂರಬಾರದು, ಬೆನ್ನು ಕುರ್ಚಿಗೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. “ಪಾಂಚ್ ಮಿನಿಟ್ ಚುಪ್ ಬೈಠೋ, ಮೌಸಿ” ಎಂದರು. ಧಾರಾವಿಯಲ್ಲಿ ಹುಟ್ಟಿದವರಿಗಾದರೂ ಅದು ಸಾಧ್ಯವಾದೀತು, ಕಲಬುರಗಿಯಿಂದ ಬಂದ ನಮ್ಮ ಕಾಕುವಿಗೆ? ಪಟ್ಟಿ ಕಟ್ಟಿ ಗಾಳಿ ತುಂಬುತ್ತಿರುವಾಗಲೇ ನನ್ನ ಕಡೆ ತಿರುಗಿ, “ಹಿಂಗ ಸುಮ್ಮ ಕುಂತ್ರ ನನಗ ಬಿಪಿ ಏರ್ತದ” ಎಂದರು. ಸಿಸ್ಟರ್ ಗಾಳಿ ಬಿಟ್ಟು, ಗಡಿಯಾರ ನೋಡಿ, ಮತ್ತೆ ಮೊದಲಿನಿಂದ ಐದು ನಿಮಿಷ ಎಣಿಸಿದರು. ಡಾಕ್ಟರು ಅಮ್ಲೋಡಿಪಿನ್ ಇಳಿಸಿ, ಜೊತೆಗೆ ಟೆಲ್ಮಿಸಾರ್ಟನ್ ಬರೆದರು.

ಇದಕ್ಕಿಂತ ಫಜೀತಿಯ ಗುಳಿಗೆಯೊಂದಿದೆ, ಮೂತ್ರ ಹೆಚ್ಚಿಸಿ ಮೈಯ ಉಪ್ಪುನೀರನ್ನು ಇಳಿಸುವುದು. ಪುಸ್ತಕದಲ್ಲಿ ‘ಬೆಳಿಗ್ಗೆ ತೆಗೆದುಕೊಳ್ಳುವುದು ಒಳ್ಳೆಯದು’ ಎಂದಿರುತ್ತದೆ. ಏಕೆಂಬುದು ತಿಳಿಯಬೇಕಾದರೆ ನಮ್ಮ ಗಲ್ಲಿಯ ಮಾಳಿಗೆ ಖೋಲಿಯಲ್ಲಿರಬೇಕು. ಮಾಳಿಗೆಯ ಕಾಕಾ ಅದನ್ನು ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದರು. ನಡುರಾತ್ರಿ ಎಚ್ಚರ, ಗೋಡೆಗೆ ನೆಟ್ಟಗೆ ಆನಿಸಿದ ಕಬ್ಬಿಣದ ಏಣಿ, ಅದರ ಕೆಳಗಿನ ಮೆಟ್ಟಿಲ ಮೇಲೆ ಮಲಗಿದ ನಾಯಿ, ಗಲ್ಲಿಯ ತುದಿಗೆ ಸಾರ್ವಜನಿಕ ಶೌಚಾಲಯ. ಬಿಪಿ ಗುಳಿಗೆಯವರು ಮಲಗಿದಲ್ಲಿಂದ ಥಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದುಂಟು. ಎದ್ದು, ಒಂದಿಷ್ಟು ಕೂತು, ಆಮೇಲೆ ನಿಲ್ಲಬೇಕು. ಆ ಏಣಿಯ ಮೇಲೆ ಕೂರುವುದಾದರೂ ಎಲ್ಲಿ? ಡಾಕ್ಟರನ್ನು ಕೇಳಿ ಬೆಳಗಿಗೆ ಬದಲಾಯಿಸಿಕೊಂಡ ಮೇಲೆ ಕಾಕಾನಿಗೂ ನಿದ್ದೆ, ನಾಯಿಗೂ ನಿದ್ದೆ.

ಇನ್ನು ನಮ್ಮ ಕಸುಬುಗಳು. ದಿನವಿಡೀ ಬಗ್ಗಿ ಚರ್ಮದ ಚೀಲ ಹೊಲಿಯುವವರಿಗೆ ಸೊಂಟನೋವು ಬರುತ್ತದೆ, ಮೆಡಿಕಲ್‌ನಲ್ಲಿ ಕೇಳಿ ಡೈಕ್ಲೋಫೆನಾಕ್ ನುಂಗುತ್ತಾರೆ. ಅಂಥ ನೋವಿನ ಗುಳಿಗೆ ಪದೇ ಪದೇ ಹೋದರೆ ಬಿಪಿ ಏರುತ್ತದೆ, ಮೂತ್ರಪಿಂಡಕ್ಕೂ ಕಷ್ಟ. ಬಿದಿರ ಬುಟ್ಟಿ ಬೋರಲು ಹಾಕಿ ಹಪ್ಪಳ ಒಣಗಿಸುವ ಹೆಂಗಸರು ಹೋಗಿ ಬರುವವರ ಕೈಗೆ ಒಂದೊಂದು ಮುರಿದದ್ದನ್ನು ಕೊಡುತ್ತಾರೆ. ದಿನಕ್ಕೆ ಉಪ್ಪು 5 ಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ; ಆ ಸಂಸ್ಥೆ ನಮ್ಮ ಗಲ್ಲಿಯಲ್ಲಿ ಹಪ್ಪಳ ಬೇಡವೆಂದು ಹೇಳಿ ನೋಡಲಿ. ಮೆಡಿಕಲ್‌ನವನೋ ಹತ್ತರ ಪಟ್ಟಿಯಿಂದ ನಾಲ್ಕನ್ನು ಕತ್ತರಿಸಿ ಕೊಡುತ್ತಾನೆ. ಹೆಸರು ಒಂದು ತುಂಡಿಗೆ, ಅವಧಿ ಮುಗಿಯುವ ತಾರೀಖು ಇನ್ನೊಂದಕ್ಕೆ. ನಾನೀಗ ಇಡೀ ಪಟ್ಟಿಯನ್ನೇ ಕೊಳ್ಳುತ್ತೇನೆ, ತಗಡಿನ ಕೆಳಗಿಡದೆ ಗೂಡಿನ ತಂಪಿನಲ್ಲಿಡುತ್ತೇನೆ.

ನುಂಗಿದ್ದೇನೋ ಇಲ್ಲವೋ ಎಂಬುದೇ ದೊಡ್ಡ ತಕರಾರು. ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಬೇಕು, ಬಡ್ಡಿ ಸಮೇತ ಎರಡು ನುಂಗುವಂತಿಲ್ಲ. ಅದಕ್ಕೇ ಕ್ಯಾಲೆಂಡರಿನಲ್ಲಿ ಗುಳಿಗೆ ನುಂಗಿದ ದಿನ ಒಂದು ಗುಣಿಸು ಗುರುತು ಹಾಕತೊಡಗಿದೆ. ನಮ್ಮ ಮನೆಯವಳೂ ಅದೇ ಕ್ಯಾಲೆಂಡರಿನಲ್ಲಿ, ಅದೇ ಗುರುತಿನಿಂದ, ಹಾಲಿನ ಖಾಡಾ, ಅಂದರೆ ಹಾಲು ಕೊಳ್ಳದ ದಿನಗಳನ್ನು, ಬರೆಯುತ್ತಿದ್ದಾಳೆಂಬುದು ತಿಂಗಳ ಕೊನೆಗೆ ಗೊತ್ತಾಯಿತು. ಹಾಲಿನ ಭಯ್ಯಾ ಎಣಿಸಿದ, ಮತ್ತೊಮ್ಮೆ ಎಣಿಸಿದ. ಆ ತಿಂಗಳು ನಾವು ಹೆಚ್ಚುಕಡಿಮೆ ಹಾಲೇ ಕೊಂಡಿರಲಿಲ್ಲ. ನಮ್ಮ ಮನೆಯವಳು ಲೆಕ್ಕ ಸರಿಯಾಗಿಯೇ ಇದೆ ಎಂದಳು. ಈಗ ಹಾಲಿಗೆ ಕೆಂಪು ಪೆನ್ನು, ಗುಳಿಗೆಗೆ ನೀಲಿ. ಭಯ್ಯಾ ಎಣಿಸುವ ಮೊದಲು ಯಾವ ಬಣ್ಣ ಯಾವುದಕ್ಕೆಂದು ನನ್ನ ಬಾಯಿಂದಲೇ ಹೇಳಿಸುತ್ತಾನೆ.